ಆರನೇ ಮೊಳೆಯ ಬಟ್ಟೆ

ಗಾಡಿಗಿಂತ ಮೊದಲು ಅದರ ವಾಸನೆ ಗ್ಯಾರೇಜಿಗೆ ಬಂತು.

ಗೇಟಿನ ಬಳಿ ಮಲಗಿದ್ದ ಬೆಕ್ಕು ಎದ್ದು ಕುಳಿತಿತು. ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಇಬ್ಬರು ಲಾರಿ ಡ್ರೈವರುಗಳು ಲೋಟ ಹಿಡಿದುಕೊಂಡೇ ಆಚೆ ಸರಿದರು. ಟೆಂಪೊ ಒಂದರ ಅಡಿಯಲ್ಲಿ ಅಂಗಾತ ಮಲಗಿ ಬೋಲ್ಟು ಬಿಚ್ಚುತ್ತಿದ್ದ ಅವಳಿಗೆ ಬೆಳಗಿನ ತಿಂಡಿಯೆಲ್ಲ ಗಂಟಲಿಗೆ ಬಂದಂತಾಯಿತು.

'ಥೂ... ಏನಿದು? ಎಲ್ಲಿ ಏನು ಸತ್ತಿದೆ?'

ಆ ರಸ್ತೆಯವರೆಲ್ಲ ಅವಳನ್ನು ಚಿಕ್ಕ ಮೇಸ್ತ್ರಿ ಎನ್ನುತ್ತಿದ್ದರು. ದೊಡ್ಡ ಮೇಸ್ತ್ರಿ ಎಂದರೆ ಅವಳ ಅಪ್ಪ. ಗ್ರೀಸು, ಕರಿ ಆಯಿಲು, ಸೈಲೆನ್ಸರಿನ ಮಸಿ ಯಾವುದಕ್ಕೂ ಮುಖ ಸಿಂಡರಿಸಿದವಳಲ್ಲ. ಇಲಿ ಗೂಡು ಕಟ್ಟಿದ್ದ ಎಂಜಿನ್ನನ್ನು ಬರಿಗೈಯಲ್ಲಿ ತೊಳೆದ ಮಹಾತಾಯಿ. ಆದರೆ ಮೀನಿನ ವಾಸನೆ ಒಂದು ಮಾತ್ರ ಅವಳಿಗೆ ಆಗುತ್ತಿರಲಿಲ್ಲ.

ಟೆಂಪೊ ಅಡಿಯಿಂದ ಹೊರಗೆ ಬಂದಾಗ ಎದುರಿಗೆ ಎರಡು ರಬ್ಬರ್ ಬೂಟುಗಳು ಕಂಡವು. ಬೂಟಿನ ಮೇಲೆ ಮೀನಿನ ಪೊರೆ ಮಿನುಗುತ್ತಿತ್ತು. ಅದರ ಮೇಲೆ ಒಬ್ಬ ಎತ್ತರದ ಮನುಷ್ಯ, ಬಿಸಿಲಿಗೆ ಕಪ್ಪಾದ ಮುಖ, ನಗಲೋ ಬೇಡವೋ ಎನ್ನುವಂಥ ಕಣ್ಣು. ಹಿಂದೆ ಅವನ ಮೀನಿನ ವ್ಯಾನು ನಿಂತಿತ್ತು. ಅದರ ಹಿಂಬಾಗಿಲಿನಿಂದ ಬೂದು ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು.

"ಮೇಸ್ತ್ರಿ ಇದ್ದಾರಾ?"

"ನಾನೇ." ತೋಳನ್ನು ಮೂಗಿಗೆ ಅಡ್ಡ ಹಿಡಿದೇ ಹೇಳಿದಳು.

"ನೀವಾ?"

"ಯಾಕೆ, ಮೀಸೆ ಇರಬೇಕಿತ್ತಾ?"

ಅವನು ಕೈಯನ್ನು ಮುಷ್ಟಿ ಮಾಡಿ ತನ್ನ ಮೂಗಿನ ಹತ್ತಿರ ಹಿಡಿದುಕೊಂಡ. ನಗು ಮುಚ್ಚಿಕೊಳ್ಳುತ್ತಿದ್ದಾನೆ ಎಂದುಕೊಂಡಳು ಅವಳು. ಹೆಂಗಸು ಸ್ಪ್ಯಾನರ್ ಹಿಡಿದರೆ ನಗುವ ಗಂಡಸರನ್ನು ಅವಳು ಬೇಕಾದಷ್ಟು ನೋಡಿದ್ದಳು.

"ಒಂದು ಇಂಟರ್‌ಕೂಲರ್ ತಂದಿದ್ದೀನಿ. ಕಂಪನಿಯದಲ್ಲ, ಹೊರಗಿನದು, ಸ್ವಲ್ಪ ದೊಡ್ಡದು. ಹಾಕಿಕೊಡಬೇಕಿತ್ತು. ಲೋಡು ತಗೊಂಡು ಬೆಟ್ಟ ಹತ್ತುವಾಗ ಗಾಡಿಗೆ ಏದುಸಿರು ಬರುತ್ತೆ. ನಾನು ನಿಧಾನ ಮಾಡಿದ್ರೆ ಐಸು ನನಗೋಸ್ಕರ ಕರಗದೆ ಕೂತಿರಲ್ಲ."

"ಮೊದಲು ಗಾಡಿ ತೊಳ್ಕೊಂಡು ಬನ್ನಿ."

"ತೊಳೆದೇ ತಂದಿದ್ದೀನಿ. ಮೂರು ಸಲ."

"ತೊಳೆದಿರೋದು ಇದಾ?"

ಅವನು ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದ. ಚಾಕುವಿನಿಂದ ಎರಡು ಹೋಳು ಮಾಡಿ ಒಂದನ್ನು ಅವಳಿಗೆ ಚಾಚಿದ.

"ಮೂಗಿನ ಹತ್ರ ಇಟ್ಕೊಳ್ಳಿ. ತಡೀಬಹುದು."

ಇನ್ನೊಂದು ಹೋಳು ಮತ್ತೆ ಅವನ ಜೇಬು ಸೇರಿತು.

'ಅರ್ಧ ನಿಂಬೆಹಣ್ಣನ್ನೂ ಬಿಡದ ಜಿಪುಣ,' ಎಂದುಕೊಂಡಳು. ಆದರೂ ಹೋಳನ್ನು ಮೂಗಿಗೆ ಹಿಡಿದಾಗ ಅವಳಿಗೆ ಉಸಿರು ಬಂತು. ಸಹಾಯ ಮಾಡಿದವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಕಷ್ಟ... ಕಷ್ಟಪಟ್ಟು ಮಾಡಿಕೊಂಡಳು.

ಇಂಟರ್‌ಕೂಲರ್ ಎಂದರೆ ದೊಡ್ಡ ಗುಟ್ಟೇನಲ್ಲ. ಟರ್ಬೊ ಗಾಳಿಯನ್ನು ಒತ್ತಿ ಎಂಜಿನ್ನಿಗೆ ಕಳಿಸುತ್ತದೆ. ಒತ್ತಿದ ಗಾಳಿ ಬಿಸಿಯಾಗುತ್ತದೆ. ದಾರಿಯಲ್ಲಿ ಅದನ್ನು ತಣ್ಣಗೆ ಮಾಡುವ ಜಾಲರಿಯ ಪೆಟ್ಟಿಗೆಯೇ ಇಂಟರ್‌ಕೂಲರ್. ಗಾಳಿ ತಣ್ಣಗಿದ್ದಷ್ಟೂ ಎಂಜಿನ್ನಿಗೆ ಬಲ. ಆ ಒತ್ತಡವನ್ನೇ ಗ್ಯಾರೇಜಿನವರು ಬೂಸ್ಟ್ ಎನ್ನುತ್ತಾರೆ.

ಪೈಪು ಬಿಚ್ಚಿದಾಗ ಒಳಗೆ ಒಂದು ನಟ್ಟು ಬಿದ್ದರೂ ಎಂಜಿನ್ ಹಾಳು. ಅದಕ್ಕೆ ದೊಡ್ಡ ಮೇಸ್ತ್ರಿಯ ಗ್ಯಾರೇಜಿನಲ್ಲಿ ಒಂದು ಪದ್ಧತಿಯಿತ್ತು. ಗೋಡೆಯ ಮೇಲೆ ಆರು ಮೊಳೆ. ಆರು ಮೊಳೆಗೆ ಆರು ಬಟ್ಟೆ, ಒಂದೇ ಹಳೆಯ ಹೊದಿಕೆಯಿಂದ ಹರಿದ ನೀಲಿ ಪಟ್ಟೆಯ ತುಂಡುಗಳು. ಬಿಚ್ಚಿದ ಪೈಪಿನ ಬಾಯಿಗೆ ಆ ಬಟ್ಟೆಯನ್ನೇ ತುರುಕಬೇಕು. ಒಂದು ಗೇಣು ಬಾಲ ಹೊರಗೆ ನೇತಾಡುತ್ತಿರಬೇಕು. ಗಾಡಿ ಗೇಟು ದಾಟುವ ಮೊದಲು ಆರು ಬಟ್ಟೆಯೂ ಆರು ಮೊಳೆಯ ಮೇಲೆ ಇರಬೇಕು.

ಅವತ್ತು ಅವಳು ಬಟ್ಟೆಯ ಬಾಲವನ್ನು ಹೊರಗೆ ಬಿಡಲಿಲ್ಲ. ವ್ಯಾನಿನ ಅಡಿಯಲ್ಲಿ ಪೈಪು ಬಿಚ್ಚುವಾಗ ಮೇಲಿನಿಂದ ಆ ಬೂದು ನೀರು ತೊಟ್ಟಿಕ್ಕಿ ಬಟ್ಟೆ ಒದ್ದೆಯಾಗುತ್ತಿತ್ತು. ಅದನ್ನು ಮತ್ತೆ ಮುಟ್ಟಬೇಕಲ್ಲ ಎಂಬ ಹೇಸಿಗೆಗೆ ಬಾಲವನ್ನೂ ಒಳಗೇ ತಳ್ಳಿದಳು. ಕೊನೆಯ ಪೈಪು ಕೂಡಿಸುವ ಹೊತ್ತಿಗೆ ನಿಂಬೆಹೋಳು ಒಣಗಿತ್ತು. ಒಂದು ದೊಡ್ಡ ತೊಟ್ಟು ಅವಳ ಕತ್ತಿನ ಮೇಲೆ ಬಿದ್ದು ಬೆನ್ನಿನಲ್ಲಿ ಇಳಿಯಿತು.

ಅಷ್ಟೇ. ಎದ್ದು ಹಿತ್ತಿಲಿಗೆ ಓಡಿ ವಾಂತಿ ಮಾಡಿಕೊಂಡಳು. ಮುಖ ತೊಳೆದು ಬಂದವಳು ಆದಷ್ಟು ಬೇಗ ಈ ಪೀಡೆ ತೊಲಗಲಿ ಎಂದು ಪೈಪು ಕೂಡಿಸಿದಳು, ಅದನ್ನು ಹಿಡಿದಿಡುವ ಕ್ಲಾಂಪು ಬಿಗಿದಳು, ಬಾನೆಟ್ ಮುಚ್ಚಿದಳು.

ವ್ಯಾನು ಹೋದ ಮೇಲೆ ನೋಡಿದರೆ ಆರನೇ ಮೊಳೆ ಖಾಲಿ.

'ಅತ್ತೆ ಎಸೆದಿರಬೇಕು. ಮೀನಿನ ನೀರು ಹಿಡಿದ ಬಟ್ಟೆಯನ್ನು ಯಾರು ಇಟ್ಟುಕೊಳ್ಳುತ್ತಾರೆ?' ಅತ್ತೆ ಎಂದರೆ ಅಪ್ಪನ ಅಕ್ಕ, ಗ್ಯಾರೇಜು ಗುಡಿಸುವವರು ಅವರೇ. ಹೀಗೆ ತಾನೇ ತೀರ್ಮಾನ ಮಾಡಿಕೊಂಡಳು. ತನ್ನ ಹಳೆಯ ಹಳದಿ ಹೂವಿನ ಕುರ್ತಾದಿಂದ ಒಂದು ತುಂಡು ಹರಿದು ಮೊಳೆಗೆ ನೇತುಹಾಕಿದಳು.

"ಇದೇನು, ಹಳದಿ?" ಅಪ್ಪ ಕೇಳಿದರು.

"ಹಳೇದು ನಾರ್ತಿತ್ತಪ್ಪ. ಅತ್ತೆ ಎಸೆದ್ರು."

ಮಗಳ ಮಾತು ಎಂದರೆ ಅಪ್ಪನಿಗೆ ಮಟ್ಟ ನೋಡುವ ಸ್ಪಿರಿಟ್ ಲೆವೆಲ್ ಇದ್ದಂತೆ. ಮತ್ತೆ ಪರೀಕ್ಷೆ ಮಾಡಲಿಲ್ಲ.

ನಾಲ್ಕನೇ ದಿನ ವಾಸನೆ ಮತ್ತೆ ಬಂತು. ಈ ಸಲ ಕಪ್ಪು ಹೊಗೆಯೂ ಜೊತೆಗಿತ್ತು.

"ಚಿಕ್ಕ ಮೇಸ್ತ್ರಿ, ನೀವು ಇಂಟರ್‌ಕೂಲರ್ ಹಾಕಿದ ಮೇಲೆ ಗಾಡಿ ಮೊದಲಿಗಿಂತ ಸೋಮಾರಿ ಆಗಿದೆ," ಎಂದ ಅವನು, ನಿಂಬೆಹಣ್ಣು ಕೊಯ್ಯುತ್ತ. ಅರ್ಧ ಅವಳಿಗೆ, ಅರ್ಧ ತನ್ನ ಜೇಬಿಗೆ. "ಏರು ಬಂದ್ರೆ ಎರಡನೇ ಗೇರಿನಲ್ಲೂ ಅಳುತ್ತೆ."

ಅವಳು ಸ್ಕ್ಯಾನರ್ ಜೋಡಿಸಿ ನೋಡಿದಳು. ಎಂಜಿನ್ನಿಗೆ ಬರಬೇಕಾದ ಬೂಸ್ಟಿನಲ್ಲಿ ಅರ್ಧ ಮಾತ್ರ ಬರುತ್ತಿತ್ತು. ಗಾಳಿ ಸೋರುತ್ತಿರಬೇಕು ಎಂದು ಪೈಪಿಗೆ ಕಂಪ್ರೆಸರ್ ಗಾಳಿ ತುಂಬಿ ಒಂದೊಂದು ಜೋಡಣೆಗೂ ಸೋಪು ನೀರು ಬಳಿದಳು. ಸೋರಿದರೆ ಗುಳ್ಳೆ ಏಳಬೇಕು. ಒಂದೂ ಏಳಲಿಲ್ಲ. ಟರ್ಬೊದ ಸಣ್ಣ ಗಾಳಿ ಕೊಳವೆಗಳನ್ನು ಎಳೆದು ನೋಡಿದಳು. ಅವೂ ಸರಿಯಿದ್ದವು.

ಕೊನೆಗೆ ಏರ್ ಫಿಲ್ಟರ್ ತೆಗೆದವಳು ಅದನ್ನು ಎರಡೇ ಬೆರಳಿನಲ್ಲಿ ಹಿಡಿದು ದೂರ ಚಾಚಿದಳು. ಮಡಿಕೆ ಮಡಿಕೆಯಲ್ಲೂ ಮೀನಿನ ಪೊರೆ, ಬೆಕ್ಕಿನ ಕೂದಲು, ಏನೋ ಒಂದು ಲೋಳೆ.

"ಇದರ ಮೂಲಕ ನೀವು ಉಸಿರಾಡ್ತೀರಾ?"

"ಇಲ್ಲ."

"ಮತ್ತೆ ಗಾಡಿ ಹೇಗೆ ಉಸಿರಾಡುತ್ತೆ? ಅಸಹ್ಯ! ಗಾಡಿ ಇಟ್ಕೊಳ್ಳೋಕೆ ಬರದವರೆಲ್ಲ ಗ್ಯಾರೇಜಿನವರ ಮೇಲೆ ಹೇಳೋದು."

ತಪ್ಪು ಅವನದೇ ಎಂದು ಗೊತ್ತಾದಾಗ ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, ಇನ್ನೊಂದು ಸಲ ಯೋಚಿಸುವ ಗೋಜಿಗೇ ಹೋಗಲಿಲ್ಲ. ನಮ್ಮ ಚಿಕ್ಕ ಮೇಸ್ತ್ರಿ ಜಾಣೆ, ನಿಜ. ಆದರೆ ತನ್ನ ಕೈಕೆಲಸದ ಮೇಲೆ ಅವಳಿಗೆ ಸ್ವಲ್ಪ ಕುರುಡು ಪ್ರೀತಿಯಿತ್ತು.

ಹೊಸ ಫಿಲ್ಟರ್ ಹಾಕುವ ತನಕ ಅವನು ಅಪ್ಪನ ಪಕ್ಕ ಬೆಂಚಿನ ಮೇಲೆ ಕುಳಿತಿದ್ದ. ಮೀನಿನವನ ಪಕ್ಕ ಕುಳಿತು ಚಹಾ ಕುಡಿಯಬಲ್ಲ ಒಬ್ಬನೇ ಮನುಷ್ಯ ಅಪ್ಪ. ವರ್ಷಗಟ್ಟಲೆ ಹೊಗೆ ಕುಡಿದು ಅವರ ಮೂಗು ಸತ್ತಿತ್ತು.

"ಮುಂದಿನ ತಿಂಗಳು ಒಂದನೇ ತಾರೀಕು ಗ್ಯಾರೇಜಿನ ಬೀಗದ ಕೈ ಇವಳಿಗೇ ಕೊಡ್ತೀನಿ," ಅಪ್ಪ ಹೇಳುತ್ತಿದ್ದರು. "ನನ್ನ ತಮ್ಮನಿಗೆ ಕೊಡಬೇಕಿತ್ತು. ಅವನು ಒಂದು ಸಲ ಪೈಪಿನಲ್ಲಿ ಬಟ್ಟೆ ಬಿಟ್ಟ. ಬಟ್ಟೆ ಎಂಜಿನ್ನಿಗೆ ಹೋಯ್ತು, ಇಳಿಜಾರಿನಲ್ಲಿ ಎಂಜಿನ್ ನಿಂತು ಬ್ರೇಕು ಹಿಡೀಲಿಲ್ಲ. ಡ್ರೈವರ್ ಉಳಿದದ್ದೇ ಹೆಚ್ಚು. ಬಟ್ಟೆ ಬಿಟ್ಟ ಕೈಗೆ ನನ್ನ ಅಂಗಳದಲ್ಲಿ ಸ್ಪ್ಯಾನರ್ ಇಲ್ಲ ಅಂದೆ. ಎಂಟು ವರ್ಷ ಆಯ್ತು, ಇಬ್ಬರೂ ಮಾತಾಡಿಲ್ಲ."

"ಸ್ವಂತ ತಮ್ಮ ಅಲ್ವಾ?"

"ಅದಕ್ಕೇ ಆರು ಮೊಳೆ ಹೊಡೆದಿದ್ದು."

ಅವನು ಗೋಡೆಯ ಕಡೆ ನೋಡಿದ. ಐದು ನೀಲಿ ಪಟ್ಟೆ, ಒಂದು ಹಳದಿ ಹೂವು. ಆಮೇಲೆ ಬಾನೆಟ್ಟಿನೊಳಗೆ ತಲೆ ಹಾಕಿದ್ದ ಅವಳ ಕಡೆ ನೋಡಿದ. ಅವಳು ಸ್ಪ್ಯಾನರ್ ತಿರುಗಿಸುತ್ತ ಗುನುಗುತ್ತಿದ್ದಳು. ಅಷ್ಟು ಬೈದ ಬಾಯಲ್ಲಿ ಹಾಡು ಎಲ್ಲಿಂದ ಬಂತು ಎಂದು ಅವನಿಗೆ ಆಶ್ಚರ್ಯ. ನೋಡುತ್ತಲೇ ಕುಳಿತ. ಚಹಾ ಆರಿಹೋಯಿತು.

ಅವಳು ತಲೆ ಎತ್ತಿದಾಗ ಅವನ ಮುಷ್ಟಿ ಮತ್ತೆ ಮೂಗಿನ ಹತ್ತಿರವಿತ್ತು.

'ಮತ್ತೆ ನಗ್ತಿದ್ದಾನೆ. ನಗಲಿ.'

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆ ಅವಳ ಮುಖ ನೋಡಿ ಕೇಳಿದರು. "ಏನೇ, ಆ ಮೀನಿನವನು ಬಂದ ದಿನ ಎರಡು ಸಲ ಮುಖ ತೊಳೀತೀಯಲ್ಲ?"

"ವಾಸನೆ ಹೋಗಲಿ ಅಂತ."

"ಕನ್ನಡಿ ನೋಡ್ಕೊಂಡಿದ್ದೂ ವಾಸನೆ ಹೋಗಲಿ ಅಂತಾನಾ?"

ಅವಳು ತಟ್ಟೆಯ ಮೇಲೆ ಬಾಗಿ ಅನ್ನ ಕಲಸತೊಡಗಿದಳು. ಆ ನಿಂಬೆಹೋಳನ್ನು ಎಸೆದಿರಲಿಲ್ಲ, ಅದು ಇನ್ನೂ ಅವಳ ಜೇಬಿನಲ್ಲೇ ಇತ್ತು.

ಆಮೇಲೆ ಹತ್ತು ದಿನ ಅವನ ಸುಳಿವಿಲ್ಲ. ಹನ್ನೊಂದನೇ ದಿನ ಬೆಳಿಗ್ಗೆ ವ್ಯಾನು ಬಂದಾಗ ಬೆಕ್ಕು ಕೂಡ ಎದ್ದು ಓಡಿತು.

ಅದು ಮೀನಿನ ವಾಸನೆಯಲ್ಲ. ಕೊಳೆತ ವಾಸನೆ. ಸಿಹಿಸಿಹಿಯಾಗಿ, ದಪ್ಪಗೆ, ನಾಲಿಗೆಯ ಮೇಲೆ ಬಂದು ಕೂರುವಂಥದ್ದು. ಅವನ ಅಂಗಿ, ಕೂದಲು, ಉಗುರಿನ ಸಂದು ಎಲ್ಲ ಅದೇ. ಕಣ್ಣು ಕೆಂಪಾಗಿದ್ದವು. ಅವತ್ತು ನಿಂಬೆಹಣ್ಣು ತಂದಿರಲಿಲ್ಲ.

"ಅಲ್ಲೇ ನಿಲ್ಲಿ!" ಅವಳು ಕೂಗಿದಳು. "ಒಳಗೆ ತರಬೇಡಿ. ಏನಿದು ಹೊಲಸು?"

"ನಿನ್ನೆ ಗಾಡಿ ಬೆಟ್ಟದ ಮೇಲೆ ನಿಂತುಹೋಯ್ತು. ಲೋಡು ಕೆಟ್ಟಿತು," ಎಂದ ಮೆಲ್ಲಗೆ. "ಈಗ ಪರವಾಗಿಲ್ಲ, ಓಡುತ್ತೆ. ಆದರೆ ಬುಸ್ ಅಂತ ಶಬ್ದ ಬರ್ತಿದೆ. ಒಂಚೂರು ನೋಡ್ತೀರಾ?"

ಮೂಗಿಗೆ ದುಪಟ್ಟಾ ಬಿಗಿದು ಬಾನೆಟ್ ಎತ್ತಿದಳು. ಇಂಟರ್‌ಕೂಲರಿನಿಂದ ಎಂಜಿನ್ನಿಗೆ ಹೋಗುವ ಪೈಪಿನ ಕ್ಲಾಂಪು ಸೊಟ್ಟಗೆ ಕೂತಿತ್ತು. ತಿರುಪಿನ ತಲೆಯನ್ನು ಯಾರೋ ಚಾಕುವಿನಿಂದ ತಿರುಗಿಸಿ ಹಾಳು ಮಾಡಿದ್ದರು. ಅವಳ ರಕ್ತ ಕುದಿಯಿತು.

"ಇದನ್ನ ಯಾರು ಬಿಚ್ಚಿದ್ದು?"

ಬೆಂಚಿನ ಮೇಲಿದ್ದ ಅಪ್ಪ, ಪಕ್ಕದ ಲಾರಿ ಡ್ರೈವರುಗಳು ಎಲ್ಲ ತಿರುಗಿ ನೋಡಿದರು. ಅವನು ಒಂದು ಕ್ಷಣ ಗೋಡೆಯ ಮೇಲಿನ ಮೊಳೆಗಳ ಕಡೆ ನೋಡಿ ತಲೆ ತಗ್ಗಿಸಿದ.

"ನಾನೇ. ಸುಮ್ಮನೆ ಏನಿದೆ ನೋಡೋಣ ಅಂತ..."

"ಸುಮ್ಮನೆ? ನನ್ನ ಕೆಲಸಕ್ಕೆ ಕೈ ಹಾಕೋಕೆ ನೀವು ಯಾರು? ಇದರಿಂದಲೇ ಗಾಳಿ ಸೋರ್ತಿರೋದು. ಇಷ್ಟು ದಿನ ಕೈಯಾಡಿಸ್ತಾ ಇದ್ದೋರು ನೀವೇ. ಬಂದು ನನ್ನ ಮೇಲೆ ಹೇಳ್ತಿದ್ರಿ!"

"ಹೌದು. ತಪ್ಪು ನಂದೇ."

ಅಷ್ಟು ಸುಲಭವಾಗಿ ಒಪ್ಪಿಕೊಂಡದ್ದು ಅವಳಿಗೆ ಇನ್ನೂ ಹೇಸಿಗೆ ತಂತು. ಜಗಳವಾದರೂ ಆಡಬಾರದೇ ಈ ಮನುಷ್ಯ?

"ನಿಮ್ಮ ಮೈ ನಾರೋದು ಹಾಗಿರಲಿ. ನಿಮ್ಮ ಮಾತು ಅದಕ್ಕಿಂತ ನಾರುತ್ತೆ."

ಡ್ರೈವರುಗಳು ನಕ್ಕರು. ಅವನು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವಳು ಹೊಸ ಕ್ಲಾಂಪು ಹಾಕುವ ತನಕ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತಿದ್ದ. ಹಳೆಯ ಕ್ಲಾಂಪಿನ ಹಲ್ಲಿಗೆ ಒಂದು ನೀಲಿ ದಾರ ಸಿಕ್ಕಿಕೊಂಡಿತ್ತು. ಅವನ ಅಂಗಿಯದಿರಬೇಕು ಎಂದು ಅವಳು ಅದನ್ನು ಉಗುರಿನಿಂದ ತೆಗೆದು ಕೊಡವಿದಳು. ಸ್ಕ್ಯಾನರಿನಲ್ಲಿ ಬೂಸ್ಟ್ ಪೂರ್ತಿ ತೋರಿಸಿತು.

ವ್ಯಾನು ಒಂದು ಚೂರೂ ಹೊಗೆಯಿಲ್ಲದೆ ಹೊರಟುಹೋಯಿತು. ಗೆದ್ದೆ ಎಂದುಕೊಂಡಳು ಅವಳು. ಆದರೆ ಗೆದ್ದವರಿಗೆ ಊಟ ಸೇರಬೇಕಲ್ಲ? ಅವತ್ತು ಅವಳಿಗೆ ಸೇರಲಿಲ್ಲ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವಳ ಕೈ ತಟ್ಟನೆ ನಿಂತಿತು.

ಕ್ಲಾಂಪು ಬಿಚ್ಚಿದ್ದು ಮೊನ್ನೆ. ಬೂಸ್ಟ್ ಕಡಿಮೆಯಾಗಿದ್ದು ಅದಕ್ಕೂ ಎಷ್ಟೋ ಮೊದಲು. ಆಗ ಸೋಪು ನೀರಿಗೆ ಒಂದು ಗುಳ್ಳೆಯೂ ಎದ್ದಿರಲಿಲ್ಲ. ಅಂದರೆ ಆಗ ಸೋರುತ್ತಿರಲಿಲ್ಲ. ಸೋರದೆಯೇ ಗಾಳಿ ಅರ್ಧವಾಗಬೇಕೆಂದರೆ... ದಾರಿಯಲ್ಲಿ ಏನೋ ಅಡ್ಡ ಇದ್ದಿರಬೇಕು. ಇಂಟರ್‌ಕೂಲರಿನ ಆಚೆ ಒಂದು, ಈಚೆ ಒಂದು ಒತ್ತಡ ಅಳೆಯುವ ಗೇಜು ಹಾಕಿದ್ದರೆ ಅವತ್ತೇ ತಿಳಿಯುತ್ತಿತ್ತು. ಯಾಕೆ ಹಾಕಲಿಲ್ಲ? ತಾನು ಕೂಡಿಸಿದ ಪೈಪು ಎಂಬ ಜಂಬ!

ಅಡ್ಡ ಇದ್ದದ್ದು ಈಗ ಇಲ್ಲ. ಅವನು ಪೈಪು ಬಿಚ್ಚಿದ ಮೇಲೆ ಇಲ್ಲ.

ನೀಲಿ ದಾರ.

ಬಾಯಲ್ಲಿದ್ದ ನೊರೆಯನ್ನು ಉಗುಳಿ ಗ್ಯಾರೇಜಿಗೆ ಓಡಿದಳು. ಆರನೇ ಮೊಳೆಯ ಮೇಲೆ ಹಳದಿ ಹೂವಿನ ಬಟ್ಟೆ ತಣ್ಣಗೆ ನೇತಾಡುತ್ತಿತ್ತು.

"ಅತ್ತೆ! ಅವತ್ತು ನೀಲಿ ಬಟ್ಟೆ ನೀವು ಎಸೆದ್ರಲ್ವಾ?"

"ನಾನ್ಯಾಕೆ ಎಸೀಲಿ? ಆ ಮೊಳೆ ಮುಟ್ಟಿದ್ರೆ ನಿಮ್ಮಪ್ಪ ನನ್ನ ಕೈ ಮುರೀತಾನೆ."

ಅವಳು ಅಲ್ಲೇ ಟೈರಿನ ಮೇಲೆ ಕುಳಿತಳು. ಅದೇ ಹೇಸಿಗೆ ಮತ್ತೆ ಬಂತು. ಈ ಸಲ ಸುತ್ತಮುತ್ತ ಮೀನಿರಲಿಲ್ಲ, ವ್ಯಾನಿರಲಿಲ್ಲ. ತನ್ನದೇ ಕೈ, ತನ್ನದೇ ನಾಲಿಗೆ. ಮೊಳೆ ಖಾಲಿ ಕಂಡಾಗ ಹುಡುಕುವುದು ಬಿಟ್ಟು ಕುರ್ತಾ ಹರಿದ ಕೈ. ನಾರುತ್ತೀರಿ ಎಂದ ನಾಲಿಗೆ.

'ಛೀ... ಹೊಲಸು ನಾನು.'

ಮೀನಿನ ವ್ಯಾನುಗಳು ತೊಳೆಯಲು ನಿಲ್ಲುತ್ತಿದ್ದದ್ದು ಐಸ್ ಫ್ಯಾಕ್ಟರಿಯ ಹಿಂದಿನ ಅಂಗಳದಲ್ಲಿ. ಜೀವಮಾನದಲ್ಲಿ ಅಲ್ಲಿಗೆ ಕಾಲಿಡುತ್ತೇನೆ ಎಂದು ಅವಳು ಅಂದುಕೊಂಡಿರಲಿಲ್ಲ. ನೆಲವೆಲ್ಲ ಜಾರುತ್ತಿತ್ತು. ಮೋರಿಯ ಬಾಯಲ್ಲಿ ಮೀನಿನ ಕರುಳು ಗುಡ್ಡೆ ಬಿದ್ದಿತ್ತು, ಅದರ ಮೇಲೆ ನೊಣಗಳ ಕಪ್ಪು ಹಾಸು. ಅವಳು ದುಪಟ್ಟಾವನ್ನು ಮೂಗಿಗೆ ಕಟ್ಟಲಿಲ್ಲ. ಕಟ್ಟುವ ಹಕ್ಕಿಲ್ಲ ಎನ್ನಿಸಿತು. ಎರಡು ಸಲ ಓಕರಿಸಿ, ನಡೆದೇ ನಡೆದಳು.

ಅವನು ವ್ಯಾನಿನೊಳಗೆ ನೀರು ಬಿಡುತ್ತಿದ್ದ. ಅವಳನ್ನು ಕಂಡಾಗ ಕೈಯಲ್ಲಿದ್ದ ಪೈಪಿನ ನೀರು ಅವನ ಬೂಟಿನ ಮೇಲೆಯೇ ಹರಿಯಿತು.

"ನೀವಾ? ಇಲ್ಲಿ?"

"ಬಟ್ಟೆ ಎಲ್ಲಿ?"

"ಯಾವ ಬಟ್ಟೆ?"

"ನೀಲಿ ಪಟ್ಟೆಯದು."

ಅವನು ನಲ್ಲಿ ನಿಲ್ಲಿಸಿದ. ಸುಳ್ಳು ಹೇಳಲು ಬಾಯಿ ತೆರೆದ, ಅವಳ ಮುಖ ನೋಡಿ ಮುಚ್ಚಿದ.

"ಸುಟ್ಟೆ. ಬೆಟ್ಟದ ಮೇಲೇ."

"ಯಾಕೆ?"

"ಯಾರಿಗಾದ್ರೂ ಕಂಡ್ರೆ? ನಿಮ್ಮಪ್ಪ ನಿಮ್ಮ ಚಿಕ್ಕಪ್ಪನ ಕಥೆ ಹೇಳಿದ್ರು. ಪೈಪಿನಿಂದ ಅದು ಹೊರಗೆ ಬಂದ ತಕ್ಷಣ ಆ ಹಳದಿ ಬಟ್ಟೆ ಯಾಕೆ ನೇತಾಡ್ತಿದೆ ಅಂತ ಗೊತ್ತಾಯ್ತು. ಒಂದನೇ ತಾರೀಕಿಗೆ ನಿಮಗೆ ಬೀಗದ ಕೈ ಸಿಗಬೇಕಲ್ಲ..."

"ಕೆಟ್ಟ ಲೋಡು?"

"ಗುಂಡಿ ತೋಡಿ ಹೂಳಿದೆ. ಒಬ್ಬನೇ. ಅದಕ್ಕೇ ಅಷ್ಟು ನಾರ್ತಿದ್ದೆ. ನೀವು ಬೈದಿದ್ದು ಸರಿ. ಅವತ್ತು ನನ್ನ ಪಕ್ಕ ನಾನೇ ಕೂತ್ಕೊಳ್ತಿರಲಿಲ್ಲ."

ಅವಳ ಕಣ್ಣು ತುಂಬಿತು. ಜೊತೆಗೆ ಸಿಟ್ಟೂ ಉಕ್ಕಿತು.

"ದೊಡ್ಡ ಉಪಕಾರ ಮಾಡಿದೆ ಅಂದ್ಕೊಂಡ್ರಾ? ಬಟ್ಟೆ ಎಂಜಿನ್ನಿಗೆ ಹೋಗಿ ಇಳಿಜಾರಿನಲ್ಲಿ ಎಂಜಿನ್ ನಿಂತಿದ್ರೆ ನೀವು ಇವತ್ತು ಇಲ್ಲಿರ್ತಿರಲಿಲ್ಲ. ನನಗೆ ಹೇಳಬೇಕಿತ್ತು ನೀವು. ಇನ್ನೊಬ್ಬರ ಗಾಡಿಯಲ್ಲೂ ನಾನು ಹೀಗೇ ಮಾಡಿದ್ರೆ?"

ಅವನು ಬೆಚ್ಚಿದ. "ಅದು... ನನಗೆ ಹೊಳೀಲಿಲ್ಲ."

"ಯಾಕೆ ಮಾಡಿದ್ರಿ ಹೀಗೆ?"

"ಕೆಲಸ ಮಾಡುವಾಗ ನೀವು ಗುನುಗ್ತೀರಿ," ಎಂದ ಅವನು, ನೆಲ ನೋಡುತ್ತ. "ನಿಮಗೇ ಗೊತ್ತಿಲ್ಲ ಅನ್ಸುತ್ತೆ. ಅದು ನಿಂತುಹೋಗೋದು ಬೇಡ ಅನ್ನಿಸ್ತು."

ಅವಳು ದುಪಟ್ಟಾದ ತುದಿಯಿಂದ ಕಣ್ಣು ಒರೆಸಿಕೊಂಡಳು. ತಿರುಗಿ ಹೊರಟಳು.

"ನಿಮ್ಮಪ್ಪನಿಗೆ ಹೇಳ್ಬೇಡಿ," ಹಿಂದಿನಿಂದ ಕೂಗಿದ. "ಸುಟ್ಟಿದ್ದೀನಿ ಅಂದ್ನಲ್ಲ. ಯಾರಿಗೂ ಗೊತ್ತಾಗಲ್ಲ."

"ಆ ಹಳದಿ ಬಟ್ಟೆ ನೋಡ್ಕೊಂಡು ದಿನಾ ಅನ್ನ ತಿನ್ನೋಕೆ ನನಗಾಗಲ್ಲ."

ಗ್ಯಾರೇಜಿಗೆ ಬಂದಾಗ ಅಪ್ಪ ಬೆಂಚಿನ ಮೇಲಿದ್ದರು. ಅವತ್ತು ನಕ್ಕ ಡ್ರೈವರುಗಳೂ ಇದ್ದರು. ಅವರು ಎದ್ದು ಹೋಗುವ ತನಕ ಕಾಯಬಹುದಿತ್ತು. ಕಾಯಲಿಲ್ಲ. ಅವರ ಎದುರಿಗೇ ಅವನನ್ನು ಬೈದಿದ್ದಳು.

"ಅಪ್ಪ, ಮೀನಿನ ವ್ಯಾನಿನ ಪೈಪಿನಲ್ಲಿ ನಾನು ಬಟ್ಟೆ ಬಿಟ್ಟಿದ್ದೆ. ಲೋಡು ಕೆಟ್ಟಿದ್ದು ಅದರಿಂದಲೇ. ಅವರು ಅದನ್ನ ತೆಗೆದು, ನನಗೋಸ್ಕರ ತಪ್ಪು ತಮ್ಮದು ಅಂದ್ರು. ಬಟ್ಟೆ ಅತ್ತೆ ಎಸೆದಿರಲಿಲ್ಲ. ಮೊಳೆ ಖಾಲಿ ಕಾಣಬಾರದು ಅಂತ ನಾನೇ ಇದನ್ನ ನೇತುಹಾಕಿದೆ."

ತನ್ನ ಸ್ಪ್ಯಾನರನ್ನು ತಂದು ಬೆಂಚಿನ ಮೇಲೆ ಇಟ್ಟಳು.

ಅಪ್ಪ ಎದ್ದು ಗೋಡೆಯ ಹತ್ತಿರ ಹೋದರು. ಹಳದಿ ಬಟ್ಟೆಯನ್ನು ತೆಗೆದು ಮಡಚಿ ಜೇಬಿಗೆ ಹಾಕಿಕೊಂಡರು. ಖಾಲಿ ಮೊಳೆಯನ್ನು ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು.

"ತಮ್ಮನಿಗೊಂದು ನ್ಯಾಯ, ಮಗಳಿಗೊಂದು ನ್ಯಾಯ ನನ್ನ ಕೈಲಾಗಲ್ಲ."

"ಗೊತ್ತಪ್ಪ."

"ಆದರೆ ನಾನು ಎಂಜಿನ್ ಬಿಚ್ಚಿ ಬಟ್ಟೆ ಮುಖದ ಮುಂದೆ ಹಿಡಿಯೋ ತನಕ ಅವನು ನಾನಲ್ಲ, ನಾನಲ್ಲ ಅಂದ. ನೀನು ಯಾರೂ ಕೇಳದೆ ಹೇಳಿದೆ." ಅವರು ಬೆಂಚಿನ ಮೇಲಿದ್ದ ಸ್ಪ್ಯಾನರನ್ನು ಎತ್ತಿಕೊಂಡರು. "ಮೂರು ತಿಂಗಳು ಸ್ಪ್ಯಾನರ್ ಮುಟ್ಟಬೇಡ. ತೊಳೆಯೋ ಕೆಲಸ ಮಾಡು. ಈ ತಿಂಗಳು ನೀನು ಪೈಪು ಕೂಡಿಸಿದ ಗಾಡಿಯೆಲ್ಲ ವಾಪಸ್ ಕರೆಸು. ಒಂದೊಂದನ್ನೂ ನಾನು ಬಿಚ್ಚಿ ನೋಡ್ತೀನಿ, ನೀನು ಲೈಟು ಹಿಡಿ. ಬೀಗದ ಕೈ ಆಮೇಲೆ."

ಹನ್ನೊಂದು ಗಾಡಿಗಳನ್ನು ಕರೆಸಿದರು. ಹನ್ನೊಂದು ಸಲ ಅವಳು ಲೈಟು ಹಿಡಿದು, ಎದೆಯನ್ನೂ ಹಿಡಿದುಕೊಂಡು ನಿಂತಳು. ಯಾವುದರಲ್ಲೂ ಏನೂ ಇರಲಿಲ್ಲ. ಡ್ರೈವರುಗಳಲ್ಲಿ ಕೆಲವರು ಬೈದರು, ಒಬ್ಬ ಮಾತ್ರ ಒಳ್ಳೆಯದಾಯಿತು ತಂಗಿ ಎಂದ. ಒಂದನೇ ತಾರೀಕು ಬಂತು, ಹೋಯಿತು. ಬೀಗದ ಕೈ ಅಪ್ಪನ ಸೊಂಟದಲ್ಲೇ ಇತ್ತು. ಕೊನೆಯ ಗಾಡಿ ಹೋದ ದಿನ ಅಪ್ಪ ಹಿತ್ತಿಲಲ್ಲಿ ಫೋನು ಹಿಡಿದು, "ನಾನು ಕಣೋ, ನಿನ್ನಣ್ಣ..." ಎಂದದ್ದು ಅವಳಿಗೆ ಕೇಳಿಸಿತು. ಅವಳು ಸದ್ದಾಗದಂತೆ ಬಾಗಿಲು ಮುಚ್ಚಿದಳು.

ಮೀನಿನವನು ಮಾತ್ರ ಬರಲಿಲ್ಲ. ಅವಳು ದಿನಾ ಗೇಟಿನ ಕಡೆ ಮೂಗು ಎತ್ತಿ ನೋಡುತ್ತಿದ್ದಳು. ಬರೀ ಡೀಸೆಲ್ಲಿನ ವಾಸನೆ.

"ಮೂಗು ಮುಚ್ಚಿಕೊಳ್ತಿದ್ದವಳು ಈಗ ಮೂಸ್ತಾ ಕೂತಿದ್ದಾಳೆ," ಎಂದರು ಅತ್ತೆ, ಬೆಕ್ಕಿಗೆ ಹೇಳುವವರಂತೆ.

ಇಪ್ಪತ್ತು ದಿನದ ಮೇಲೆ, ಒಂದು ಭಾನುವಾರ, ಅವಳು ಅಂಗಳದಲ್ಲಿ ಕುಳಿತು ಡೀಸೆಲ್ ತುಂಬಿದ ಟ್ರೇಯಲ್ಲಿ ಗೇರುಗಳನ್ನು ಉಜ್ಜುತ್ತಿದ್ದಳು. ಮೊಣಕೈವರೆಗೂ ಕರಿ ಜಿಡ್ಡು, ಕೆನ್ನೆಯ ಮೇಲೂ ಒಂದು ಗೆರೆ. ಎದುರಿಗೆ ಎರಡು ಕಾಲು ಬಂದು ನಿಂತವು. ಬೂಟಿರಲಿಲ್ಲ. ಚಪ್ಪಲಿ. ಇಸ್ತ್ರಿ ಮಾಡಿದ ಅಂಗಿ. ಸೋಪಿನ ವಾಸನೆ!

"ಇವತ್ತು ನಿಮ್ಮ ವಾಸನೆ ಮೊದಲು ಬರಲಿಲ್ಲ," ಎಂದಳು.

"ನಾಲ್ಕು ಸಲ ಸ್ನಾನ ಮಾಡಿದೆ." ಅವನು ಗೋಡೆಯ ಖಾಲಿ ಮೊಳೆ ನೋಡಿದ. "ಹೇಳೇಬಿಟ್ರಂತೆ. ಅಷ್ಟು ಜನರ ಎದುರು ಬೈಸಿಕೊಂಡಿದ್ದೆ, ಎಲ್ಲಾ ದಂಡ ಮಾಡಿದ್ರಿ."

"ಅದಕ್ಕೆ ಸಿಟ್ಟು ಮಾಡ್ಕೊಂಡು ಬರಲಿಲ್ವಾ?"

"ಸಿಟ್ಟಲ್ಲ. ನಾಚಿಕೆ. ನಿಮ್ಮನ್ನ ಉಳಿಸ್ತೀನಿ ಅಂತ ಹೊರಟೆ. ನೀವು ನನಗಿಂತ ಗಟ್ಟಿ."

ಬೆಂಚಿನ ಮೇಲೆ ಅಪ್ಪ ಪೇಪರು ಓದುತ್ತಿದ್ದರು, ಅಂದರೆ ಓದುವಂತೆ ಹಿಡಿದಿದ್ದರು. ಡ್ರೈವರುಗಳೂ ಇದ್ದರು. ಅವಳು ಎದ್ದು ನಿಂತಳು, ಎಲ್ಲರಿಗೂ ಕೇಳುವಂತೆ ಹೇಳಿದಳು.

"ಅವತ್ತು ನಾನು ಆಡಿದ ಮಾತು ಹೊಲಸು ಮಾತು. ನಿಮ್ಮ ಮಾತು ಯಾವತ್ತೂ ನಾರಲಿಲ್ಲ. ಕ್ಷಮಿಸಿ."

ಅಪ್ಪನ ಪೇಪರು ಸ್ವಲ್ಪ ಮೇಲೆ ಹೋಯಿತು. ಡ್ರೈವರುಗಳಿಗೆ ಇದ್ದಕ್ಕಿದ್ದಂತೆ ಲಾರಿಯ ಟೈರು ನೋಡುವ ಕೆಲಸ ನೆನಪಾಯಿತು.

ಅವನು ಒಂದು ಹೆಜ್ಜೆ ಹತ್ತಿರ ಬಂದ. ಏನೋ ಹೇಳಲು ಬಾಯಿ ತೆರೆದ... ಮರುಕ್ಷಣ ಎರಡು ಹೆಜ್ಜೆ ಹಿಂದೆ ಸರಿದು ಮುಷ್ಟಿಯನ್ನು ಮೂಗಿಗೆ ಹಿಡಿದ. ಅದೇ ಮುಷ್ಟಿ!

"ಈಗಲೂ ನಗು ಬರ್ತಿದೆಯಾ ನಿಮಗೆ?"

"ನಗುವಾ?" ಅವನು ಮುಷ್ಟಿ ಬಿಚ್ಚಿದ. ಒಳಗೆ ಅರ್ಧ ನಿಂಬೆಹಣ್ಣು. "ನಿಮ್ಮ ಡೀಸೆಲ್ಲು... ಮೊದಲ ದಿನದಿಂದಲೂ ನನಗೆ ತಡೆಯೋಕಾಗಲ್ಲ. ಹೊಟ್ಟೆ ತೊಳಸುತ್ತೆ."

ಅವಳು ಕಣ್ಣು ಬಿಟ್ಟುಕೊಂಡು ನೋಡಿದಳು. "ನಿಮ್ಮದೂ ಡೀಸೆಲ್ ಗಾಡಿ ತಾನೇ?"

"ಗಾಡಿ ಕುಡಿಯುತ್ತೆ. ಮೈಗೆ ಹಚ್ಕೊಂಡು ಓಡಾಡಲ್ಲ."

"ಅಂದ್ರೆ... ಆ ನಿಂಬೆಹಣ್ಣು?"

"ನನಗೋಸ್ಕರ ತಂದಿದ್ದು. ನಿಮ್ಮ ಮುಖ ನೋಡಿ ಅರ್ಧ ಕೊಟ್ಟೆ."

"ಇಷ್ಟು ದಿನ ನನ್ನ ಹತ್ರ ಬಂದಾಗೆಲ್ಲ ನಿಮಗೆ ವಾಂತಿ ಬರ್ತಿತ್ತು?"

"ಬರ್ತಿತ್ತು. ಆದರೂ ಬರ್ತಿದ್ದೆ." ಅವನ ಕಿವಿ ಕೆಂಪಾಯಿತು. "ಫಿಲ್ಟರ್ ಹಾಕಿಸೋಕೆ ಬಂದ ದಿನ ಗಾಡಿ ಇನ್ನೊಂದು ಗಂಟೆ ತಡ ಆಗಲಿ ಅಂತಾನೂ ಅನ್ನಿಸ್ತು. ಐಸು ಕರಗ್ತಾ ಇತ್ತು, ಆದರೂ. ನನಗೆ ಮಾತು ಬರಲ್ಲ. ನೀವು ನನಗೆ ಬೇಕು. ಅಷ್ಟೇ."

ತೊಳೆದ ಗೇರೊಂದು ಅವಳ ಕೈಯಿಂದ ಜಾರಿ ಟ್ರೇಯೊಳಗೆ ಬಿತ್ತು. ಡೀಸೆಲ್ ಚಿಮ್ಮಿ ಅವನ ಇಸ್ತ್ರಿ ಅಂಗಿಯ ಮೇಲೆ ಬಿದ್ದಿತು. ಅವನು ಓಕರಿಸಿದ, ಆದರೆ ಜಾಗ ಬಿಟ್ಟು ಕದಲಲಿಲ್ಲ.

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು. ಕರಿ ಕೈಯಲ್ಲೇ ಕಣ್ಣು ಒರೆಸಿಕೊಂಡಳು.

"ನನಗೂ," ಎಂದಳು. "ಐಸ್ ಫ್ಯಾಕ್ಟರಿ ಹಿಂದೆ ಬಂದವಳು ಬರೀ ಬಟ್ಟೆಗೋಸ್ಕರ ಬಂದಿರಲಿಲ್ಲ."

ಪೇಪರಿನ ಹಿಂದೆ ಯಾರೋ ಕೆಮ್ಮಿದರು.

"ಒಂದೇ ಮನೆಯಲ್ಲಿ ಹೇಗಿರ್ತೀವಿ ನಾವು?" ಅವನು ಮೆಲ್ಲಗೆ ಕೇಳಿದ. "ನಾನು ಮೀನು, ನೀವು ಡೀಸೆಲ್ಲು. ದಿನಕ್ಕೆ ಎಷ್ಟು ನಿಂಬೆಹಣ್ಣು ಬೇಕಾಗುತ್ತೋ."

ಅವಳು ಅವನ ಅಂಗೈಯಿಂದ ನಿಂಬೆಹೋಳನ್ನು ತೆಗೆದುಕೊಂಡಳು. ಒಮ್ಮೆ ಮೂಸಿ ಮತ್ತೆ ಅಲ್ಲೇ ಇಟ್ಟು, ಅವನ ಬೆರಳುಗಳನ್ನು ತಾನೇ ಮಡಿಸಿದಳು.

"ಒಂದೇ ಸಾಕು. ಅರ್ಧ ನಿಮಗೆ, ಅರ್ಧ ನನಗೆ."